ಹೆಸರು ಕೆಡಿಸಿದ್ದು ಇಂಗ್ಲಿಷ್, ತೋಟ ಕಳೆದುಕೊಳ್ಳುವವನು ಕನ್ನಡಿಗ!

ಕನ್ನಡದ ತರುಣರೇ,

ಬೆಂಗಳೂರಿನ ಅಂಗಡಿ ಫಲಕಗಳಲ್ಲಿ ಕನ್ನಡ ಬರಲಿ ಎಂದು ನೀವು ಬೀದಿಗಿಳಿಯುತ್ತೀರಿ. ಸಂತೋಷ. ಆದರೆ ನಿಮ್ಮ ಊರಿನಲ್ಲಿ ನಿಮ್ಮ ಅಪ್ಪನ ಹೆಸರನ್ನೇ ಕೆಡಿಸಿ ಇಟ್ಟಿದ್ದಾರಲ್ಲ, ಅದನ್ನು ನೋಡಿದ್ದೀರಾ? ನೋಡಿಲ್ಲವಾದರೆ ಊರಿನ ಯಾರ ಮನೆಗಾದರೂ ಬಂದ ಕೋರ್ಟಿನ ಸಮನ್ಸ್ ಒಂದನ್ನು ಕೈಗೆತ್ತಿಕೊಂಡು ಓದಿ.

ಚಿತ್ರದುರ್ಗ ತಾಲ್ಲೂಕಿನ ಭೀಮಸಮುದ್ರವನ್ನೇ ತೆಗೆದುಕೊಳ್ಳಿ. ದೊಡ್ಡ ಕೆರೆಯ ಊರು, ಅಡಿಕೆ ತೋಟದ ಊರು, ಅಡಿಕೆ ವ್ಯಾಪಾರದ ಊರು. ತೋಟವಿದ್ದಲ್ಲಿ ಸಾಲ, ಪಾಲು, ಬದುವಿನ ಜಗಳ, ಚೆಕ್ಕಿನ ವ್ಯವಹಾರ. ಇವಿದ್ದಲ್ಲಿ ದಾವೆ. ಇಂಥ ಊರಿನ ತಿಪ್ಪೇಸ್ವಾಮಿ ಬಿನ್ ಕಾಳಪ್ಪ ಎಂಬ ರೈತನ ಮನೆಗೆ ಕೋರ್ಟಿನ ಅಮೀನರು ಬಂದರು ಎಂದಿಟ್ಟುಕೊಳ್ಳಿ. ಕಾಗದದಲ್ಲಿರುವುದು 'ಥಿಪ್ಪೆಸ್ವಾಮಿ ಬಿನ್ ಕಲ್ಲಪ್ಪ'. ರೈತ ಏನನ್ನುತ್ತಾನೆ? "ಇದು ನಾನಲ್ಲ ಸ್ವಾಮಿ, ಬೇರೆಯವರ ಕಾಗದ ನನಗ್ಯಾಕೆ?" ಎಂದು ವಾಪಸ್ಸು ಕಳಿಸುತ್ತಾನೆ. ಅಲ್ಲಿಗೆ ಅವನ ಕುತ್ತಿಗೆಗೆ ಕುಣಿಕೆ ಬಿತ್ತು!

ಈ ಹೆಸರು ಕೆಟ್ಟದ್ದು ಹೇಗೆ? ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ನಾಡಿನಲ್ಲಿ ತಿಪ್ಪೇಸ್ವಾಮಿ ಎಂದು ಬರೆಯಲು ಯಾರೂ ತಡವರಿಸುವುದಿಲ್ಲ. ಆದರೆ ಸಾಲದ ಕಾಗದ ಇಂಗ್ಲಿಷಿನಲ್ಲಿ, ಕರಾರು ಪತ್ರ ಇಂಗ್ಲಿಷಿನಲ್ಲಿ. ಆ ಇಂಗ್ಲಿಷಿಗೆ ಲ-ಳ ಎರಡಕ್ಕೂ ಒಂದೇ ಅಕ್ಷರ, ನ-ಣ ಎರಡಕ್ಕೂ ಒಂದೇ, ದ-ಡ ಎರಡಕ್ಕೂ ಒಂದೇ. ಕನ್ನಡದ ಹೆಸರು ಅದರೊಳಗೆ ಹೋಗುವಾಗ ಕಾಳಪ್ಪ, ಹಿಂದಿರುಗಿ ಬರುವಾಗ ಕಲ್ಲಪ್ಪ! ಕನ್ನಡಿಗನ ಹೆಸರು ಕನ್ನಡದಿಂದ ಕನ್ನಡಕ್ಕೆ ಬರಲು ಇಂಗ್ಲೆಂಡಿಗೆ ಹೋಗಿ ಬರಬೇಕೆ?

"ಒಂದಕ್ಷರ ಹೋದರೆ ಏನು ಮಹಾ?" ಎನ್ನುವ ಮೇಧಾವಿಗಳಿದ್ದಾರೆ. ಅವರು ಉತ್ತರಿಸಲಿ. ಅದೇ ರೈತ ಬೆಳೆ ಪರಿಹಾರಕ್ಕೆ ಅರ್ಜಿ ಹಿಡಿದು ಹೋದಾಗ ಪಹಣಿಯ ಹೆಸರಿಗೂ ಆಧಾರ್ ಹೆಸರಿಗೂ ಒಂದಕ್ಷರ ಕೂಡಿಬರದಿದ್ದರೆ ಹಣ ನಿಲ್ಲುತ್ತದೆ. ಕೊಡುವಾಗ ಒಂದಕ್ಷರ ತಪ್ಪಿದರೆ ನೀನು ಬೇರೆಯವನು. ವಸೂಲಿಗೆ ಬಂದಾಗ ನಾಲ್ಕಕ್ಷರ ತಪ್ಪಿದರೂ ನೀನೇ ಅವನು! ಇದೆಂಥ ನ್ಯಾಯ?

ನ್ಯಾಯ ಹೇಗಾದರೂ ಇರಲಿ, ಕಾನೂನು ಹೀಗಿದೆ, ತಿಳಿದುಕೊಳ್ಳಿ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ ಸಮನ್ಸ್ ತೆಗೆದುಕೊಳ್ಳಲು ಒಪ್ಪದಿದ್ದರೆ ಅಮೀನರು ಅದನ್ನು ಮನೆಯ ಬಾಗಿಲಿಗೆ ಅಂಟಿಸಿ ಹೋಗಬಹುದು. ಜಾರಿಯಾಗಿದೆ ಎಂದು ಕೋರ್ಟು ಒಪ್ಪಿದರೆ, ನೀವು ಗೈರುಹಾಜರಾದ ದಿನ ಏಕಪಕ್ಷೀಯವಾಗಿ ವಿಚಾರಣೆ ನಡೆಸಬಹುದು. ಡಿಕ್ರಿ ಆದ ಮೇಲೆ ಎಚ್ಚೆತ್ತು "ಹೆಸರು ತಪ್ಪಿತ್ತು, ಸ್ವಾಮಿ" ಎಂದರೆ? ದಿನಾಂಕ ನಿಮಗೆ ಗೊತ್ತಿತ್ತು, ಬರಲು ಸಮಯವೂ ಇತ್ತು ಎಂದು ಕಂಡುಬಂದರೆ, ಸಮನ್ಸ್ ಜಾರಿಯಲ್ಲಿ ಲೋಪವಿತ್ತು ಎಂಬ ಒಂದೇ ಕಾರಣಕ್ಕೆ ಡಿಕ್ರಿ ರದ್ದಾಗುವುದಿಲ್ಲ. ಹೆಸರು ತಿದ್ದಿಕೊಳ್ಳಲು ವಾದಿಗೆ ಅದೇ ಕಾನೂನು ಅವಕಾಶ ಕೊಟ್ಟಿದೆ. ಅಕ್ಷರ ತಪ್ಪಿದ್ದಕ್ಕೆ ದಾವೆ ಬಿದ್ದುಹೋಗುವುದಿಲ್ಲ, ನಿಮ್ಮ ತೋಟ ಮಾತ್ರ ಜಪ್ತಿಗೆ ಬರುತ್ತದೆ!

ಹಾಗಾದರೆ ಮಾಡಬೇಕಾದ್ದೇನು? ಓಡಿಹೋಗಬೇಡಿ, ಎದುರಿಸಿ. ಸಮನ್ಸ್ ತೆಗೆದುಕೊಳ್ಳಿ. ಸಹಿ ಹಾಕುವಲ್ಲಿ ನಿಮ್ಮ ಸರಿಯಾದ ಹೆಸರನ್ನು ಕನ್ನಡದಲ್ಲಿ ಬರೆದು, 'ಹೆಸರು ತಪ್ಪಾಗಿದೆ' ಎಂದು ಅಲ್ಲೇ ಷರಾ ಹಾಕಿ. ದಾವಾ ಪತ್ರದ ನಕಲು ಜೊತೆಗಿದೆಯೇ ನೋಡಿ. ಸರ್ವೆ ನಂಬರು, ಮೊಬಲಗು, ವಿಳಾಸ ನಿಮ್ಮದೇ ಆದರೆ ದಾವೆಯೂ ನಿಮ್ಮ ಮೇಲೆಯೇ. ಹೇಳಿದ ದಿನ ಹಾಜರಾಗಿ, ಹೆಸರಿನ ತಕರಾರನ್ನು ಲಿಖಿತವಾಗಿ ಸಲ್ಲಿಸಿ. ಬಾಯಿಮಾತು ಗಾಳಿಗೆ ಹೋಗುತ್ತದೆ, ಬರಹ ಕಡತದಲ್ಲಿ ಉಳಿಯುತ್ತದೆ. ಪ್ರತಿವಾದ ಪತ್ರಕ್ಕೆ ಇರುವುದು 30 ದಿನ. ಸಕಾರಣವಿದ್ದರೆ ಕೋರ್ಟು ಅದನ್ನು 90 ದಿನದವರೆಗೆ ವಿಸ್ತರಿಸಬಹುದು. ವಕೀಲರಿಗೆ ಕೊಡಲು ಕಾಸಿಲ್ಲವೇ? ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಬಡವರಿಗೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಉಚಿತ ನೆರವಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನು ಮಾಡಿ.

ದಾವೆ ನಿಜಕ್ಕೂ ಬೇರೆಯವರ ಮೇಲಿದ್ದರೆ? ಆಗಲೂ ಸುಮ್ಮನಿರಬೇಡಿ. ನಾನು ಅವನಲ್ಲ ಎಂಬುದಕ್ಕೆ ದಾಖಲೆ ಹಿಡಿದು ಕೋರ್ಟಿಗೇ ಹೋಗಿ ಹೇಳಿ. ಕ್ರಿಮಿನಲ್ ಕೇಸಿನಲ್ಲಂತೂ ಸಮನ್ಸಿಗೆ ಓಗೊಡದಿದ್ದರೆ ಮುಂದೆ ಬರುವುದು ವಾರಂಟು. ನಮ್ಮ ರಾಜ್ಯದಲ್ಲೇ ಒಬ್ಬರ ಹೆಸರಿನ ವಾರಂಟಿಗೆ ಪೊಲೀಸರು ಇನ್ನೊಬ್ಬರನ್ನು ಹಿಡಿದೊಯ್ದರು. ಇಬ್ಬರ ತಂದೆಯ ಹೆಸರೂ ಒಂದೇ ಎಂಬುದೇ ಕಾರಣ! 2022ರಲ್ಲಿ ಕರ್ನಾಟಕ ಹೈಕೋರ್ಟು ಆ ನಿರಪರಾಧಿಗೆ 5 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಬಂಧಿಸುವ ಮೊದಲು ಗುರುತು ಖಚಿತಪಡಿಸಿಕೊಳ್ಳಲು ಮಾರ್ಗಸೂಚಿ ಬೇಕೆಂದಿತು. ಹೋದ ಮಾನಕ್ಕೆ 5 ಲಕ್ಷ ಸಾಕೇ?

1963ರ ರಾಜ್ಯಭಾಷಾ ಕಾಯ್ದೆ ಕನ್ನಡವನ್ನು ಆಡಳಿತ ಭಾಷೆ ಎಂದು ಸಾರಿತು. 2014ರ ನವೆಂಬರ್ 1ರಂದು ಬೆಂಗಳೂರು, ಬೆಳಗಾವಿ ಸೇರಿ 12 ನಗರಗಳ ಹೆಸರನ್ನು ಇಂಗ್ಲಿಷಿನಲ್ಲೂ ಕನ್ನಡದ ಉಚ್ಚಾರಕ್ಕೆ ತಂದೆವು, ಕುಣಿದಾಡಿದೆವು. ಊರಿನ ಹೆಸರಿಗೆ ಸಿಕ್ಕ ಗೌರವ ಊರಿನ ಮನುಷ್ಯನ ಹೆಸರಿಗೆ ಬೇಡವೇ?

ನಮ್ಮ ಒತ್ತಾಯ ಸ್ಪಷ್ಟವಾಗಿದೆ. ಕೆಳ ಕೋರ್ಟುಗಳಲ್ಲಿ ದಾವಾ ಪತ್ರ, ಸಮನ್ಸ್, ನೋಟೀಸು ಎಲ್ಲವೂ ಕನ್ನಡದಲ್ಲಿ ಹುಟ್ಟಲಿ, ಅನುವಾದವಾಗಿ ಅಲ್ಲ. ಪಹಣಿಯಲ್ಲಿ, ಮತದಾರರ ಪಟ್ಟಿಯಲ್ಲಿ ಇರುವ ಕನ್ನಡದ ಹೆಸರೇ ಮೂಲವಾಗಲಿ, ಇಂಗ್ಲಿಷು ಅದರ ನೆರಳಾಗಲಿ. ಕನ್ನಡದ ವಕೀಲರು ಕನ್ನಡದಲ್ಲಿ ಬರೆಯಲಿ.

ತರುಣರೇ, ಈ ಹಬ್ಬಕ್ಕೆ ಊರಿಗೆ ಹೋದಾಗ ಟ್ರಂಕು ತೆಗೆಸಿ. ಅಪ್ಪನ ಪಹಣಿ, ಪಾಸ್‌ಬುಕ್ಕು, ಆಧಾರು, ಸಾಲದ ಕಾಗದ ಒಟ್ಟಿಗಿಟ್ಟು ಹೆಸರನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿ. ತಪ್ಪಿದ್ದನ್ನು ಅಮೀನರು ಬಾಗಿಲು ತಟ್ಟುವ ಮೊದಲೇ ತಿದ್ದಿಸಿ. ಊರಿನಲ್ಲಿ ಯಾರಿಗಾದರೂ ಸಮನ್ಸ್ ಬಂದರೆ ಓದಿ ಹೇಳಿ, ಕೋರ್ಟಿನವರೆಗೂ ಜೊತೆಗೆ ನಡೆಯಿರಿ. ಇದೂ ಕನ್ನಡದ ಕೆಲಸವೇ!