ಬೆಳ್ಳುಳ್ಳಿ ಗುಳಿಗೆ ನಮ್ಮ ಮಳಿಗೆಗೆ ಬೇಕೇ?

ರಕ್ತಪರೀಕ್ಷೆಯಲ್ಲಿ ಕೊಲೆಸ್ಟರಾಲು ತುಸು ಹೆಚ್ಚೆಂದು ಬಂದೊಡನೆ ಬೆಳ್ಳುಳ್ಳಿ, ಅರಿಸಿನ, ಮೀನೆಣ್ಣೆಯ ಗುಳಿಗೆಗಳಿಗೆ ಮೊರೆಹೋಗುವ ಸದಸ್ಯ ಬಂಧುಗಳು ಹೆಚ್ಚುತ್ತಿದ್ದಾರೆ. ಸಂಘದ ಮಳಿಗೆಯಲ್ಲೇ ಇವನ್ನು ತರಿಸಿಡಬೇಕೆಂಬ ಬೇಡಿಕೆಯೂ ಬಂದಿದೆ. ಇದಕ್ಕೆ ನಮ್ಮ ಸಮ್ಮತಿಯಿಲ್ಲ.

2022ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನ ವೈದ್ಯರು 190 ಮಂದಿಯ ಮೇಲೆ 28 ದಿನ ನಡೆಸಿದ ಪರೀಕ್ಷೆಯ ಫಲಿತಾಂಶ ಹೊರಬಂತು. 5 ಮಿಲಿಗ್ರಾಂ ರೋಸುವಾಸ್ಟಾಟಿನ್ ನುಂಗಿದವರಲ್ಲಿ ಕೆಟ್ಟ ಕೊಲೆಸ್ಟರಾಲು ಶೇಕಡಾ 38ರಷ್ಟು ಇಳಿಯಿತು. ಬೆಳ್ಳುಳ್ಳಿ, ಅರಿಸಿನ, ದಾಲ್ಚಿನ್ನಿ, ಮೀನೆಣ್ಣೆ ಮೊದಲಾದ ಆರು ಬಗೆಯ ಗುಳಿಗೆಗಳಲ್ಲಿ ಒಂದೂ ಔಷಧವಿಲ್ಲದ ಸಪ್ಪೆ ಮಾತ್ರೆಗಿಂತ ಮೇಲೆನಿಸಲಿಲ್ಲ. (ಪರೀಕ್ಷೆಯ ಖರ್ಚು ಕೊಟ್ಟವರು ರೋಸುವಾಸ್ಟಾಟಿನ್ ತಯಾರಕರೇ ಎಂಬುದನ್ನೂ ಹೇಳಿಬಿಡುವುದು ನ್ಯಾಯ, ಅವಧಿಯೂ ಚಿಕ್ಕದು.)

ಆ ಆರರಲ್ಲೊಂದು ಕೆಂಪು ಯೀಸ್ಟ್ ಅಕ್ಕಿ. ಅದರಲ್ಲಿರುವ ಮೊನಾಕೊಲಿನ್ ಕೆ ಎಂದರೆ ಲೊವಾಸ್ಟಾಟಿನ್ ಔಷಧವೇ. ಪ್ರಮಾಣ ಮಾತ್ರ ಬಾಟಲಿಯಿಂದ ಬಾಟಲಿಗೆ ಬೇರೆ. 2024ರಲ್ಲಿ ಜಪಾನಿನಲ್ಲಿ ಇಂಥ ಗುಳಿಗೆ ಸೇವಿಸಿದ ಹಲವರ ಮೂತ್ರಪಿಂಡ ಕೆಟ್ಟಿತು. ತೇವ ನೋಡದೆ ಕಾಫಿ ಮೂಟೆ ಮುಟ್ಟದ ನಾವು ಇದನ್ನು ಹೇಗೆ ಕೊಂಡು ಮಾರೋಣ?

ಇಸಬ್ಗೋಲಿನ ಮಾತು ಬೇರೆ. ದಿನಕ್ಕೆ ಸುಮಾರು 10 ಗ್ರಾಂ ಹೊಟ್ಟು, ಧಾರಾಳ ನೀರಿನೊಡನೆ, ಶೇಕಡಾ 5ರಿಂದ 10ರಷ್ಟು ಇಳಿಸೀತು. ಬೆಲೆಯೂ ಕಡಿಮೆ. ನಮ್ಮ ಬೆಳೆಯ ಬಗ್ಗೆಯೂ ಮುಚ್ಚುಮರೆ ಬೇಡ: ಪುಡಿ ಕುದಿಸಿ ಸೋಸದೆ ಕುಡಿಯುವ ಕಾಫಿಯಲ್ಲಿ ಕೆಫೆಸ್ಟಾಲ್ ಎಂಬ ಅಂಶ ಉಳಿದು ಕೊಲೆಸ್ಟರಾಲನ್ನು ಏರಿಸುತ್ತದೆ, ಕಾಗದದ ಫಿಲ್ಟರು ಅದನ್ನು ತಡೆಯುತ್ತದೆ.

ವೈದ್ಯರು ಬರೆದುಕೊಟ್ಟ ಮಾತ್ರೆ ಬಿಟ್ಟು ಗುಳಿಗೆ ಹಿಡಿದವರು ದಯವಿಟ್ಟು ಅವರಿಗೆ ತಿಳಿಸಿ. ಇಸಬ್ಗೋಲು, ಕಾಗದದ ಫಿಲ್ಟರುಗಳನ್ನು ತರಿಸುವ ವಿಷಯವನ್ನು ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಮಂಡಿಸುತ್ತೇವೆ.