ಸ್ವಿಚ್ ಒಬ್ಬರದು, ವೈರು ಒಬ್ಬರದು, ಬಾಕ್ಸ್ ಯಾರದು?

ಬಸ್ ನಿಲ್ದಾಣದ ಅಕ್ಕಪಕ್ಕದ ಹಳೇ ಮಳಿಗೆಗಳತ್ತ ಒಮ್ಮೆ ಕಣ್ಣು ಹಾಯಿಸಿ. ಸ್ವಿಚ್ ಬೋರ್ಡು ಗೋಡೆ ಬಿಟ್ಟು ವೈರಿನ ಮೇಲೆ ಜೋತಾಡುವ ಅಂಗಡಿ ಒಂದಾದರೂ ಸಿಗುತ್ತೆ. ಚಾರ್ಜಿಗೆ ಹಾಕಿದ ಮೊಬೈಲನ್ನು ಬಸ್ ಬಂತೆಂದು ಎಳೆದರೆ ಪಿನ್ನಿನ ಜೊತೆ ಬೋರ್ಡೂ ಕೈಗೆ ಬರುತ್ತೆ! ಅಂಗಡಿಯವರು ಅದನ್ನು ಗೋಡೆಗೆ ಒತ್ತಿ, ಟೇಪು ಅಂಟಿಸಿ, 'ಮಾಲೀಕರಿಗೆ ಹೇಳಿದೀವಿ ಸ್ವಾಮಿ' ಅಂತಾರೆ. ಮಾಲೀಕರದ್ದು ಇನ್ನೊಂದು ರಾಗ: 'ಬಳಸೋರು ಅವರು, ಅವರೇ ಹಾಕಿಸ್ಕೊಳ್ಳಲಿ.'

ಕೆಇಬಿಯವರು ನೋಡಬೇಕು ಅನ್ನುವವರೂ ಇದ್ದಾರೆ. ಕೆಇಬಿ 1999ರಲ್ಲೇ ಹೋಯಿತು, 2002ರಲ್ಲಿ ವಿತರಣೆ ಎಸ್ಕಾಂಗಳ ಕೈಗೆ ಬಂತು. ಯಾರಾದರೇನು, ಅವರ ಹೊಣೆ ಮೀಟರಿನವರೆಗೆ. ಆಚೆಗಿನದು ಗ್ರಾಹಕರದೇ.

ಕೇಂದ್ರ ಸರಕಾರ 2021ರಲ್ಲಿ ರಾಜ್ಯಗಳಿಗೆ ಕಳಿಸಿದ ಮಾದರಿ ಬಾಡಿಗೆ ಕಾಯಿದೆಯಲ್ಲಿ ಒಂದು ಪಟ್ಟಿ ಇದೆ. ಬೇರೆ ಕರಾರು ಇಲ್ಲದಿದ್ದರೆ ವೈರಿಂಗ್ ಮಾಲೀಕನದು, ಸ್ವಿಚ್ ಸಾಕೆಟ್ ರಿಪೇರಿ ಬಾಡಿಗೆದಾರನದು. ಇವೆರಡರ ನಡುವೆ ಗೋಡೆಯೊಳಗೆ ಕೂತ ಬಾಕ್ಸ್? ಅದರ ಹೆಸರೇ ಇಲ್ಲ! ಮಾದರಿ ಕಾಯಿದೆ ರಾಜ್ಯ ಒಪ್ಪಿದರಷ್ಟೇ ಜಾರಿ, ಅದು ಬೇರೆ ಮಾತು. ಆದರೆ ಬೋರ್ಡು ಬೀಳುವುದು ಹೆಚ್ಚಾಗಿ ಬಾಕ್ಸ್ ಕೆಟ್ಟೇ. ಮರದ್ದಾದರೆ ಗೆದ್ದಲು, ಸೋರಿದ ಮಳೆನೀರು. ಕಬ್ಬಿಣದ್ದಾದರೆ ತುಕ್ಕು ಹಿಡಿದು ಸ್ಕ್ರೂ ಕೂರುವ ಕಿವಿ ಮುರಿದಿರುತ್ತೆ, ಇಲ್ಲವೇ ಥ್ರೆಡ್ ಸವೆದು ಸ್ಕ್ರೂ ಸುಮ್ಮನೆ ತಿರುಗುತ್ತೆ.

ಆಗ ಶುರು ನಾಟಿ ವೈದ್ಯ: ಬೆಂಕಿಕಡ್ಡಿ ತುರುಕೋದು, ಉದ್ದದ ಸ್ಕ್ರೂ ಬಿಗಿಯೋದು. ಆ ಸ್ಕ್ರೂ ಒಳಗಿನ ವೈರಿನ ಹೊದಿಕೆ ಕೊರೆದರೆ ಅದರ ತಲೆಯಲ್ಲೇ 230 ವೋಲ್ಟ್! ಬೋರ್ಡು ಅಲುಗಾಡುತ್ತಿದ್ದರೆ ಒಳಗೆ ವೈರು ಸಡಿಲವಾಗುತ್ತೆ, ಕಿಡಿ ಹಾರುತ್ತೆ, ಪ್ಲಾಸ್ಟಿಕ್ ಕರಗುತ್ತೆ. ಬಟ್ಟೆ ಅಂಗಡಿಯಲ್ಲಿ ಮುಂದಿನದು ಹೇಳಬೇಕೆ?

ಮೇನ್ ಆಫ್ ಮಾಡಿ, ಪರ್ಮಿಟ್ ಇರುವ ವೈರ್‌ಮನ್ ಕರೆಸಿ. ಥ್ರೆಡ್ ಮಾತ್ರ ಸವೆದಿದ್ದರೆ ಒಂದು ಸೈಜು ದಪ್ಪದ ಥ್ರೆಡ್ ಹೊಡೆದು ತಕ್ಕ ಸ್ಕ್ರೂ ಹಾಕಬಹುದು. ಕಿವಿ ಮುರಿದಿದ್ದರೆ, ಮರ ಕೊಳೆತಿದ್ದರೆ, ತೇಪೆ ಬೇಡ; ಬಾಕ್ಸನ್ನೇ ಕಿತ್ತು ಹೊಸದು ಕೂರಿಸಿ ಸಿಮೆಂಟ್ ಮೆತ್ತಬೇಕು. ಕಬ್ಬಿಣದ ಬಾಕ್ಸಿಗೆ ಅರ್ತ್ ವೈರು ಕೊಡದೆ ಮುಚ್ಚಲು ಬಿಡಬೇಡಿ.

ಗೋಡೆ ಒಡೆಯುವ ಕೆಲಸ ಮಾಲೀಕನದು, ಸ್ವಿಚ್ ಬಾಡಿಗೆದಾರ ತರಲಿ ಅನ್ನೋದು ನಮ್ಮ ಲೆಕ್ಕ. ಒಪ್ಪದವರು ಮುಂದಿನ ಕರಾರು ಪತ್ರದಲ್ಲಿ ಬಾಕ್ಸ್ ಯಾರದೆಂದು ಒಂದು ಸಾಲು ಬರೆಸಿಕೊಳ್ಳಲಿ. ಅಲ್ಲೀತನಕ ಜೋತಾಡುವ ಬೋರ್ಡಿನ ಲೈನ್ ಬಂದ್ ಇರಲಿ.