ಮುಗಿಯುವ ಕತೆ

ಜೈನಾಪುರದ ನಮ್ಮ ಮನೆಯಲ್ಲಿ ಅತ್ತೆಯವರು ರೊಟ್ಟಿ ಬಡಿಯುತ್ತಲೇ ಕೇಳುತ್ತಾರೆ: “ಆ ಹುಡುಗಿ ಲಗ್ನ ಇವತ್ತರ ಆಗ್ತೈತೇನ?” ಧಾರಾವಾಹಿಯ ಪ್ರೇಮಕ್ಕೆ ವರ್ಷಗಟ್ಟಲೆ ಕೊನೆಯಿಲ್ಲ!

ಫಿಲಿಪೈನ್ಸ್ ದೇಶದ ಟಿ.ವಿ.ಯಲ್ಲಿ 1991ರಲ್ಲಿ ಶುರುವಾದ ‘ಮಾಲಾಲಾ ಮೋ ಕಾಯಾ’ ಬೇರೆ ಬಗೆಯದು. ನೋಡುಗರು ಬರೆದ ಕಾಗದವೇ ಕತೆ. ಹೆಚ್ಚಾಗಿ ಒಂದು ಕಂತಿಗೆ ಒಂದು. ನಮ್ಮಲ್ಲೂ 1976ರಲ್ಲಿ ಪುಟ್ಟಣ್ಣ ಕಣಗಾಲರು ‘ಕಥಾಸಂಗಮ’ ಚಿತ್ರದಲ್ಲಿ ಮೂವರ ಮೂರು ಕತೆ ಪೋಣಿಸಿದ್ದರು. ಅದರಲ್ಲಿ ‘ಅತಿಥಿ’ ಧಾರವಾಡದ ವೀಣಾ ಶಾಂತೇಶ್ವರರದು. ಆಗ ಅವರು ವೀಣಾ ಎಲಬುರ್ಗಿ.

ಕತೆ ಮುಗಿದರೆ ಮನೆಯಲ್ಲಿ ಮಾತು ಹುಟ್ಟುತ್ತದೆ. ಮೊನ್ನೆ ಈ ಚಿತ್ರ ನೋಡಿ ಟಿ.ವಿ. ಆರಿಸಿದ ಮೇಲೆ ಅತ್ತೆಯವರು ಹದಿನೈದಕ್ಕೇ ಆದ ತಮ್ಮ ಲಗ್ನದ ಸಂಗತಿ ಮೊದಲ ಸಲ ಹೇಳಿದರು: “ನನ್ನ ಯಾರ ಕೇಳಿದ್ರವಾ?”

ಅಕ್ಕಂದಿರೇ, ನಿಮ್ಮ ಮನೆಯ ಹಿರಿಯರನ್ನೂ ಒಮ್ಮೆ ಕೇಳಿ.